ಚಿನ್ನದ ಪಾತ್ರೆಯೂ ಬಡಗಿಯ ಬಟ್ಟಲೂ

ನಮ್ಮಲ್ಲಿ ಅನೇಕರ ಮನೆಯ ನಡುಮನೆಯಲ್ಲಿ ಹಳೆಯದೊಂದು ಮದುವೆಯ ಭಾವಚಿತ್ರ ತೂಗುತ್ತಿರುತ್ತದೆ. ಬಂದ ಅತಿಥಿಗಳಿಗೆ ನಾವು ಅದನ್ನು ಹೆಮ್ಮೆಯಿಂದ ತೋರಿಸುತ್ತೇವೆ. "ನಮ್ಮ ತಾತ ಆ ಕಾಲದಲ್ಲಿ ಹೇಗಿದ್ದರು ನೋಡಿ" ಎನ್ನುತ್ತೇವೆ. ಅದೇ ಚಿತ್ರದ ಕೆಳಗೆ ಕುರ್ಚಿಯಲ್ಲಿ ಕುಳಿತಿರುವ ತಾತನ ಕಡೆಗೆ ಅತಿಥಿಯೂ ತಿರುಗುವುದಿಲ್ಲ, ನಾವೂ ತಿರುಗಿಸುವುದಿಲ್ಲ. ಗೋಡೆಯ ಮೇಲಿನ ಮುಖ ನಮಗೆ ಪ್ರಿಯ. ಕುರ್ಚಿಯಲ್ಲಿರುವ ಮುಖ ನಮಗೆ ಮುಜುಗರ.

ಈ ಮನೆಯ ಮಾತನ್ನೇ ಜಗತ್ತಿನ ತೆರೆಯ ಮೇಲೆ, ಮೂವತ್ತು ಕೋಟಿ ಡಾಲರುಗಳಷ್ಟು ಹಣ ಸುರಿದು ತೋರಿಸಿದ ಚಲನಚಿತ್ರವೊಂದರ ಬಗ್ಗೆ ಇಂದು ನಿಮ್ಮೊಡನೆ ವಾದಿಸಬೇಕೆಂದಿದ್ದೇನೆ. ಅದರ ಹೆಸರು 'ಇಂಡಿಯಾನಾ ಜೋನ್ಸ್ ಅಂಡ್ ದ ಡಯಲ್ ಆಫ್ ಡೆಸ್ಟಿನಿ'. 2023ರ ಜೂನ್ 30ರಂದು ಅಮೆರಿಕದಲ್ಲಿ ಬಿಡುಗಡೆಯಾದ ಈ ಚಿತ್ರದಲ್ಲಿ ನಟ ಹ್ಯಾರಿಸನ್ ಫೋರ್ಡ್ ತಮ್ಮ ಪ್ರಸಿದ್ಧ ಪಾತ್ರವನ್ನು ಐದನೆಯ ಹಾಗೂ ಕಡೆಯ ಬಾರಿಗೆ ಧರಿಸಿದರು. 1942ರ ಜುಲೈ 13ರಂದು ಹುಟ್ಟಿದ ಅವರಿಗೆ ಆಗ ಎಂಬತ್ತು ತುಂಬಿ, ಎಂಬತ್ತೊಂದಕ್ಕೆ ಎರಡು ವಾರವೂ ಉಳಿದಿರಲಿಲ್ಲ.

ಸಿನಿಮಾದ ವಿಷಯ ನಮಗೇಕೆ ಎಂದು ನೀವು ಕೇಳಬಹುದು. ಈ ಸರಣಿ ನಮ್ಮ ಮನೆಯ ಮಕ್ಕಳಿಗೂ, ಈಗ ಮಕ್ಕಳ ತಂದೆತಾಯಿಯರಾಗಿರುವ ಅನೇಕರಿಗೂ ಪರಿಚಿತವಾದುದು. ಅಷ್ಟೇ ಅಲ್ಲ, ನಮ್ಮ ವಿಶ್ವಾಸದೊಡನೆ ಹೆಣೆದುಕೊಂಡ ವಸ್ತುಗಳನ್ನೇ ಅದು ಕಥೆಯ ತಿರುಳಾಗಿಸಿಕೊಂಡಿತ್ತು. ಜಾರ್ಜ್ ಲ್ಯೂಕಾಸ್ ಕಲ್ಪಿಸಿ ಸ್ಟೀವನ್ ಸ್ಪೀಲ್‌ಬರ್ಗ್ ನಿರ್ದೇಶಿಸಿದ 1981ರ ಮೊದಲ ಚಿತ್ರದಲ್ಲಿ ಪುರಾತತ್ತ್ವದ ಪ್ರಾಧ್ಯಾಪಕ ಇಂಡಿಯಾನಾ ಜೋನ್ಸ್ ಒಡಂಬಡಿಕೆಯ ಮಂಜೂಷವನ್ನು ಅರಸುತ್ತಾನೆ. 1989ರ ಮೂರನೆಯ ಚಿತ್ರದಲ್ಲಿ ಕಡೆಯ ಭೋಜನದ ಪವಿತ್ರ ಪಾನಪಾತ್ರೆಯನ್ನು ಹುಡುಕುತ್ತಾನೆ. ಈ ಸರಣಿಯ ಎಲ್ಲವನ್ನೂ ನಾನು ಮೆಚ್ಚಿದವನಲ್ಲ. 1984ರ ಎರಡನೆಯ ಚಿತ್ರ ಭಾರತವನ್ನು ನರಬಲಿಯ ನಾಡೆಂಬಂತೆ ವಿಕಾರವಾಗಿ ಬಿಂಬಿಸಿತು. ನಮ್ಮ ಸರ್ಕಾರ ಕಥೆಗೆ ಆಕ್ಷೇಪವೆತ್ತಿದ್ದರಿಂದ ಅದರ ಚಿತ್ರೀಕರಣ ಶ್ರೀಲಂಕಾದಲ್ಲಿ ನಡೆಯಬೇಕಾಯಿತು. ಆದರೆ ಮೂರನೆಯ ಚಿತ್ರ ಒಂದು ಪಾಠವನ್ನು ಕಲಿಸಿತ್ತು. ಆ ಪಾಠವನ್ನು ಐದನೆಯ ಚಿತ್ರ ಮರೆತದ್ದೇ ನನ್ನ ತಕರಾರು.

ಆ ಪಾಠ ಯಾವುದು? ಮೂರನೆಯ ಚಿತ್ರದ ಕೊನೆಯಲ್ಲಿ ಒಂದು ಗುಹೆ. ಅಲ್ಲಿ ನೂರಾರು ವರ್ಷಗಳಿಂದ ಕಾವಲು ಕುಳಿತ ವೃದ್ಧ ಯೋಧ. ಎದುರಿಗೆ ಸಾಲಾಗಿ ಜೋಡಿಸಿದ ಪಾನಪಾತ್ರೆಗಳು. ಅವುಗಳಲ್ಲಿ ಒಂದು ಮಾತ್ರ ನಿಜವಾದುದು. ಎಂದೆಂದಿಗೂ ಸಾಯದೆ ಬಾಳಬೇಕೆಂಬ ಆಸೆಯಿಂದ ಬಂದ ಧನಿಕನೊಬ್ಬ ರತ್ನಖಚಿತವಾದ ಚಿನ್ನದ ಪಾತ್ರೆಯಿಂದ ಕುಡಿಯುತ್ತಾನೆ. ಕ್ಷಣಮಾತ್ರದಲ್ಲಿ ಅವನ ಮೈ ಸುಕ್ಕುಗಟ್ಟಿ, ಕೂದಲು ಬೆಳೆದು, ಎಲುಬಾಗಿ, ಧೂಳಾಗಿ ಉದುರಿಹೋಗುತ್ತದೆ. ಜೋನ್ಸ್ ಆರಿಸಿಕೊಳ್ಳುವುದು ಎಲ್ಲಕ್ಕಿಂತ ಸರಳವಾದ, ಬಡಗಿಯೊಬ್ಬನಿಗೆ ಒಪ್ಪುವಂಥ ಬಟ್ಟಲನ್ನು. ಅದನ್ನೂ ಅವನು ತನಗಾಗಿ ಇಟ್ಟುಕೊಳ್ಳುವುದಿಲ್ಲ; ಗಾಯಗೊಂಡು ಸಾಯುತ್ತಿರುವ ತಂದೆಯನ್ನು ಉಳಿಸಲು ಬಳಸುತ್ತಾನೆ. ಕಡೆಗೆ ಆ ಬಟ್ಟಲು ಬಿರುಕಿಗೆ ಜಾರಿ ಕೈಗೆಟುಕುವಷ್ಟು ದೂರದಲ್ಲಿರುವಾಗ, ಅದನ್ನು ಬಿಟ್ಟುಬಿಡು ಎಂದು ತಂದೆ ಮಗನಿಗೆ ಹೇಳುತ್ತಾನೆ. ಮಗ ಬಿಟ್ಟುಬಿಡುತ್ತಾನೆ. ಯೌವನವನ್ನು ಹಿಡಿದಿಡಲು ಹೋದವನು ಧೂಳಾಗುತ್ತಾನೆ, ಬಿಟ್ಟವನು ತಂದೆಯನ್ನು ಪಡೆಯುತ್ತಾನೆ. ಮನರಂಜನೆಯ ಚಿತ್ರವೊಂದು ಇದಕ್ಕಿಂತ ನೇರವಾಗಿ ಇನ್ನೇನನ್ನು ಹೇಳಬೇಕಿತ್ತು?

ಈಗ ಐದನೆಯ ಚಿತ್ರದ ಆರಂಭವನ್ನು ನೋಡಿ. 1944ರ ಯುದ್ಧಕಾಲ. ಜೋನ್ಸ್ ನಾತ್ಸಿಗಳ ಸೆರೆಯಾಳು. ಎಂಬತ್ತರ ನಟನ ಮುಖದ ಮೇಲೆ ನಲವತ್ತರ ಆಸುಪಾಸಿನ ಮುಖವನ್ನು ಕಂಪ್ಯೂಟರಿನಿಂದ ಹೊದಿಸಲಾಗಿದೆ. ಹಳೆಯ ಚಿತ್ರಗಳ ಸಂಗ್ರಹದಲ್ಲಿದ್ದ ಫೋರ್ಡರ ಮುಖದ ದೃಶ್ಯಗಳನ್ನು ಯಂತ್ರಕ್ಕೆ ಉಣಿಸಿ, ಅವುಗಳಿಂದ ಹೊಸದೊಂದು ಎಳೆಯ ಮುಖವನ್ನು ಕಡೆದು, ಸುಮಾರು ಇಪ್ಪತ್ತೈದು ನಿಮಿಷಗಳ ಕಾಲ ಓಡಿಸಿ, ಹೊಡೆದಾಡಿಸಿ, ರೈಲಿನ ಮೇಲೆ ಹತ್ತಿಸಿದ್ದಾರೆ. ಆ ದೃಶ್ಯದಲ್ಲಿ ನಾತ್ಸಿಗಳು ಜೋಪಾನವಾಗಿ ಸಾಗಿಸುತ್ತಿರುವ ನಿಧಿಗಳಲ್ಲಿ ಯೇಸುಸ್ವಾಮಿಯ ಪಕ್ಕೆಯನ್ನು ತಿವಿದ ಈಟಿಯೂ ಒಂದು. ಆದರೆ ಅದು ನಕಲಿ ಎಂಬುದು ಬೇಗನೆ ಬಯಲಾಗುತ್ತದೆ. ನಕಲಿ ಈಟಿಯನ್ನು ಗುರುತಿಸಿ ನಗುವ ಚಿತ್ರ, ಅದನ್ನು ಹಿಡಿದು ನೋಡುವವನ ಮುಖವೇ ನಕಲಿ ಎಂಬುದನ್ನು ಮಾತ್ರ ನಾವು ಮರೆಯಬೇಕೆಂದು ಬಯಸುತ್ತದೆ!

ಆದರೆ ದನಿ ಗುಟ್ಟನ್ನು ಬಿಟ್ಟುಕೊಟ್ಟಿತು. ಮುಖ ನಲವತ್ತರದು, ದನಿ ಎಂಬತ್ತರದು. ಕಣ್ಣು ಮಸುಕಾದ ಇಸಾಕನ ಮುಂದೆ ಕೈಗೆ ಆಡಿನ ಚರ್ಮ ಸುತ್ತಿಕೊಂಡು ನಿಂತ ಯಾಕೋಬನನ್ನು ನೆನೆಯಿರಿ. ಮುಟ್ಟಿದರೆ ಅಣ್ಣ, ಮಾತಾಡಿದರೆ ತಮ್ಮ. ಅಲ್ಲಿ ಮಗ ಮುದುಕ ತಂದೆಗೆ ಮೋಸ ಮಾಡಿದ. ಇಲ್ಲಿ ಮುದುಕನ ಮೈಗೇ ಎಳೆಯ ಚರ್ಮ ಹೊದಿಸಿ ನಮಗೆ ಮೋಸ ಮಾಡುತ್ತಿದ್ದಾರೆ. ನಾವೂ ಮೋಸಹೋಗಲೆಂದೇ ಚೀಟಿ ಕೊಂಡು ಕುಳಿತಿದ್ದೇವೆ. ಮೂರನೆಯ ಚಿತ್ರದಲ್ಲಿ ಧನಿಕನು ಎತ್ತಿಕೊಂಡ ಚಿನ್ನದ ಪಾತ್ರೆಯನ್ನೇ ಐದನೆಯ ಚಿತ್ರದ ನಿರ್ಮಾಪಕರು ಎತ್ತಿಕೊಂಡರು.

ಇದೇ ಚಿತ್ರಕ್ಕೆ ಸಂಗೀತ ನೀಡಿದವರು ಯಾರೆಂದು ನೋಡಿ. 1932ರಲ್ಲಿ ಹುಟ್ಟಿದ ಜಾನ್ ವಿಲಿಯಮ್ಸ್. 1981ರಿಂದ ಐದೂ ಚಿತ್ರಗಳಿಗೆ ಸ್ವರ ಕೂಡಿಸಿದವರು ಅವರೇ. ಐದನೆಯ ಚಿತ್ರದ ಸಂಗೀತಕ್ಕಾಗಿ 2024ರ ಜನವರಿಯಲ್ಲಿ, ತೊಂಬತ್ತೊಂದನೆಯ ವಯಸ್ಸಿನಲ್ಲಿ, ಅವರು ಆಸ್ಕರ್ ಪ್ರಶಸ್ತಿಗೆ ನಾಮನಿರ್ದೇಶಿತರಾದರು. ಅವರನ್ನು ಯೌವನಕ್ಕೆ ಮರಳಿಸಬೇಕೆಂದು ಯಾರಿಗೂ ಅನ್ನಿಸಲಿಲ್ಲ. ಕಿವಿ ಮುಪ್ಪನ್ನು ಗೌರವಿಸುತ್ತದೆ, ಕಣ್ಣು ತಾಳದು. ಹಾಗಾದರೆ ಕೊರತೆ ಮುಪ್ಪಿನಲ್ಲಿಲ್ಲ, ನೋಡುವ ಕಣ್ಣಿನಲ್ಲಿದೆ.

ಚಿತ್ರದಲ್ಲಿ ಸತ್ಯವೇ ಇಲ್ಲವೆಂದು ಹೇಳಿದರೆ ಅನ್ಯಾಯವಾದೀತು. ಆ ಎಳೆಯ ಮುಖ ಮರೆಯಾದ ಕೂಡಲೇ ನಾವು 1969ನೇ ಇಸವಿಯ ನ್ಯೂಯಾರ್ಕಿಗೆ ಬರುತ್ತೇವೆ. ಕುರ್ಚಿಯಲ್ಲಿ ಬರಿಮೈಯಲ್ಲಿ ನಿದ್ದೆಹೋದ ಮುದುಕನೊಬ್ಬ ಪಕ್ಕದ ಮನೆಯ ಅಬ್ಬರದ ಸಂಗೀತಕ್ಕೆ ಬೆಚ್ಚಿ ಏಳುತ್ತಾನೆ. ಜೋತುಬಿದ್ದ ಚರ್ಮ, ಕೆದರಿದ ಬಿಳಿ ಕೂದಲು. ಒಂದು ಕಾಲಕ್ಕೆ ಅವನ ಪಾಠ ಕೇಳಲು ಕಿಕ್ಕಿರಿಯುತ್ತಿದ್ದ ತರಗತಿಯಲ್ಲಿ ಈಗ ವಿದ್ಯಾರ್ಥಿಗಳು ತೂಕಡಿಸುತ್ತಾರೆ; ಹೊರಗೆ ಊರೆಲ್ಲ ಚಂದ್ರನ ಮೇಲೆ ನಡೆದು ಬಂದವರ ಮೆರವಣಿಗೆಯ ಸಡಗರದಲ್ಲಿದೆ. ನಿವೃತ್ತಿಯ ದಿನ ಸಹೋದ್ಯೋಗಿಗಳು ಅವನಿಗೊಂದು ಗಡಿಯಾರವನ್ನು ಉಡುಗೊರೆಯಾಗಿ ಕೊಡುತ್ತಾರೆ. ಕಾಲ ಮುಗಿಯಿತೆಂದು ಹೇಳುವುದಕ್ಕೆ ಎಂಥ ಸಭ್ಯ ವಿಧಾನ! ಅವನು ಅದನ್ನು ಬೀದಿಯಲ್ಲಿ ಎದುರಾದವನಿಗೆ ಕೊಟ್ಟು ಮುಂದೆ ನಡೆಯುತ್ತಾನೆ. ಈ ಕೆಲವು ನಿಮಿಷಗಳಲ್ಲಿ ಯಂತ್ರದ ನೆರವಿಲ್ಲ. ಒಬ್ಬ ಹಿರಿಯ ನಟ ತನ್ನ ಮೈಯನ್ನೇ ಸಾಕ್ಷಿಯಾಗಿ ಮುಂದಿಟ್ಟಿದ್ದಾನೆ.

ಇದಕ್ಕಿಂತ ಆಳವಾದ ಮಾತು ಇನ್ನೊಂದಿದೆ. ಹಡಗಿನ ಮೇಲೆ ಒಂದು ರಾತ್ರಿ, ಗತಕಾಲಕ್ಕೆ ಹೋಗಲು ಸಾಧ್ಯವಾದರೆ ಏನು ಮಾಡುವಿರಿ ಎಂದು ಸ್ನೇಹಿತನ ಮಗಳು ಹೆಲೆನಾ ಅವನನ್ನು ಕೇಳುತ್ತಾಳೆ. ಅವನಿಗೆ ನಿಧಿ ಬೇಡ, ಕೀರ್ತಿ ಬೇಡ. ತನ್ನ ಮೇಲಿನ ಮುನಿಸಿನಿಂದ ಸೈನ್ಯಕ್ಕೆ ಸೇರಿ ವಿಯೆಟ್ನಾಂ ಯುದ್ಧದಲ್ಲಿ ಸತ್ತ ಮಗನನ್ನು ತಡೆಯಬೇಕಿತ್ತು. ನೀನು ಹೋದರೆ ನಿನ್ನ ತಾಯಿಯ ದುಃಖಕ್ಕೆ ಕೊನೆಯಿಲ್ಲ, ಅವಳನ್ನು ಸಂತೈಸಲು ನಿನ್ನ ತಂದೆಯಿಂದ ಆಗುವುದಿಲ್ಲ ಎಂದು ಅವನಿಗೆ ಹೇಳಬೇಕಿತ್ತು. ಆ ದುಃಖದ ಭಾರಕ್ಕೆ ದಾಂಪತ್ಯವೂ ಮುರಿದಿದೆ. ಪತ್ನಿ ಮೇರಿಯನ್ ವಿಚ್ಛೇದನಕ್ಕೆ ಕಾಗದ ಕಳಿಸಿದ್ದಾಳೆ. ಮಕ್ಕಳನ್ನು ಕಳೆದುಕೊಂಡ ತಂದೆತಾಯಿಯರು ನಮ್ಮ ಧರ್ಮಕೇಂದ್ರಗಳಲ್ಲೂ ಇದ್ದಾರೆ. ಒಂದೇ ದುಃಖ ಒಂದೇ ಮನೆಯೊಳಗಿನ ಇಬ್ಬರನ್ನು ಹತ್ತಿರ ತರುವ ಬದಲು ದೂರ ಮಾಡುವುದುಂಟೆಂದು ಅವರು ಬಲ್ಲರು. ಮುಪ್ಪಿನ ನಿಜವಾದ ಸಾಹಸ ಇಂಥ ಭಾರವನ್ನು ಹೊತ್ತು ನಡೆಯುವುದೇ ಹೊರತು ಕುದುರೆಯೇರಿ ಸುರಂಗ ರೈಲಿನ ಹಳಿಗಳ ಮೇಲೆ ಓಡುವುದಲ್ಲ.

ಚಿತ್ರ ಆ ಸಾಹಸವನ್ನು ನಂಬಲಿಲ್ಲ. ನ್ಯೂಯಾರ್ಕಿನಲ್ಲಿ ಕುದುರೆ, ಮೊರಾಕ್ಕೋದ ಬೀದಿಗಳಲ್ಲಿ ಆಟೋರಿಕ್ಷಾ, ಸಮುದ್ರದ ತಳದಲ್ಲಿ ಮುಳುಗು ಎಂದು ಮುದುಕನಿಗೆ ಯುವಕರ ಪರೀಕ್ಷೆಗಳನ್ನೇ ಒಡ್ಡಿತು. ಅವನು ಅವುಗಳಲ್ಲಿ ಗೆದ್ದಂತೆ ತೋರಿಸಿ, ನೋಡಿ, ಇವನು ಇನ್ನೂ ಮುದುಕನಾಗಿಲ್ಲ ಎಂದು ನಮ್ಮನ್ನು ಸಮಾಧಾನಪಡಿಸಿತು. ನಾವೂ ಹಿರಿಯರನ್ನು ಹೊಗಳುವುದು ಹೀಗೆಯೇ ಅಲ್ಲವೇ? "ಎಂಬತ್ತಾದರೂ ಇಪ್ಪತ್ತರ ಹುಡುಗನಂತಿದ್ದಾರೆ" ಎನ್ನುತ್ತೇವೆ. ಎಂಬತ್ತರವರು ಎಂಬತ್ತರಂತೆಯೇ ಇದ್ದರೆ ಹೊಗಳಲು ನಮ್ಮ ಬಳಿ ಮಾತೇ ಇಲ್ಲ.

ಚಿತ್ರದ ಹೆಸರಿನಲ್ಲಿರುವ ಆ 'ಡಯಲ್' ಕಾಲವನ್ನು ಹಿಂದಕ್ಕೆ ತಿರುಗಿಸಬಲ್ಲ ಯಂತ್ರವೆಂದು ಕಥೆ ಹೇಳುತ್ತದೆ. ಅದಕ್ಕೆ ಸ್ಫೂರ್ತಿಯಾದ ನಿಜವಾದ ಯಂತ್ರ ಅಥೆನ್ಸಿನ ರಾಷ್ಟ್ರೀಯ ಪುರಾತತ್ತ್ವ ವಸ್ತುಸಂಗ್ರಹಾಲಯದಲ್ಲಿದೆ. ಗ್ರೀಸಿನ ಆಂಟಿಕಿಥೆರಾ ದ್ವೀಪದ ಬಳಿ ಮುಳುಗಿದ್ದ ಹಡಗೊಂದರಿಂದ ಸ್ಪಂಜು ಹೆಕ್ಕುವ ಮುಳುಗುಗಾರರು 1901ರಲ್ಲಿ ಮೇಲೆತ್ತಿದ ಕಂಚಿನ ತುಣುಕುಗಳು ಅವು. ಮೂವತ್ತು ಹಲ್ಲುಗಾಲಿಗಳು ಇಂದಿಗೂ ಅದರಲ್ಲಿ ಉಳಿದಿವೆ. ಸೂರ್ಯ ಚಂದ್ರರ ಚಲನೆಯನ್ನು ಲೆಕ್ಕಹಾಕಿ, ಬರಲಿರುವ ಗ್ರಹಣಗಳನ್ನು ಅದು ಮುಂದಾಗಿ ತಿಳಿಸುತ್ತಿತ್ತು. ಎರಡು ಸಾವಿರ ವರ್ಷಗಳ ಹಿಂದಿನ ಆ ಕುಶಲಕರ್ಮಿ ಕಾಲವನ್ನು ಹಿಂದಿರುಗಿಸಲು ಯತ್ನಿಸಲಿಲ್ಲ. ಕತ್ತಲು ಯಾವಾಗ ಬರುತ್ತದೆಂಬುದನ್ನು ತಿಳಿದು ಸಿದ್ಧವಾಗಿರಲು ಯತ್ನಿಸಿದನು. ನಿಜವಾದ ಯಂತ್ರಕ್ಕಿದ್ದ ವಿವೇಕ ಸಿನಿಮಾದ ಯಂತ್ರಕ್ಕಿಲ್ಲ.

ಕಾಲವನ್ನು ಹಿಂದಿರುಗಿಸಿದ ಪ್ರಸಂಗ ಪವಿತ್ರ ಬೈಬಲಿನಲ್ಲೂ ಉಂಟಲ್ಲವೇ ಎಂದು ನೀವು ಹೇಳಬಹುದು. ಉಂಟು. ಸಾವಿನಂಚಿನಲ್ಲಿದ್ದ ಅರಸ ಹಿಜ್ಕೀಯನು ಗೋಡೆಯ ಕಡೆಗೆ ಮುಖ ಮಾಡಿ ಅತ್ತನು. ದೇವರು ಅವನಿಗೆ ಹದಿನೈದು ವರ್ಷಗಳ ಆಯುಸ್ಸನ್ನು ಕೂಡಿಸಿಕೊಟ್ಟರು. ಗುರುತಾಗಿ ನೆರಳು ಹತ್ತು ಮೆಟ್ಟಿಲು ಹಿಂದಕ್ಕೆ ಸರಿಯಿತು. ಆದರೆ ಕಥೆ ಅಲ್ಲಿಗೆ ನಿಲ್ಲುವುದಿಲ್ಲ. ಗುಣಹೊಂದಿದ ಅರಸನು ಬಾಬಿಲೋನಿನಿಂದ ಬಂದ ರಾಯಭಾರಿಗಳಿಗೆ ತನ್ನ ಭಂಡಾರವನ್ನೆಲ್ಲ ಹೆಮ್ಮೆಯಿಂದ ತೋರಿಸಿದನು. ಅವೆಲ್ಲವೂ ಒಂದು ದಿನ ಬಾಬಿಲೋನಿಗೇ ಸೇರುವುವೆಂದು ಪ್ರವಾದಿ ಯೆಶಾಯ ಎಚ್ಚರಿಸಬೇಕಾಯಿತು. ಆಯುಸ್ಸು ಹೆಚ್ಚಿತು, ಅದರೊಡನೆ ವಿವೇಕ ಹೆಚ್ಚಲಿಲ್ಲ. ದೇವರೇ ಕೊಟ್ಟ ಹೆಚ್ಚುವರಿ ವರ್ಷಗಳಲ್ಲೇ ಹೀಗಾದರೆ, ಯಂತ್ರ ಕೊಡುವ ಹೆಚ್ಚುವರಿ ಯೌವನದ ಗತಿ ಏನು?

"ಅಯ್ಯೋ, ಅದು ಬರೀ ಸಿನಿಮಾ, ಅಷ್ಟು ದೊಡ್ಡದು ಮಾಡಬೇಡಿ" ಎನ್ನುವವರಿದ್ದಾರೆ. ಅವರಿಗೆ ಎರಡು ಸಂಗತಿಗಳನ್ನು ನೆನಪಿಸುತ್ತೇನೆ. 2016ರಲ್ಲಿ ಇದೇ ಸಂಸ್ಥೆ ತಯಾರಿಸಿದ ಇನ್ನೊಂದು ಚಿತ್ರದಲ್ಲಿ ಬ್ರಿಟನ್ನಿನ ನಟ ಪೀಟರ್ ಕುಶಿಂಗ್ ಕಾಣಿಸಿಕೊಂಡರು. ಅವರು ತೀರಿಕೊಂಡಿದ್ದು 1994ರಲ್ಲಿ! ಬೇರೊಬ್ಬ ನಟನ ಮೈಮೇಲೆ ಗತಿಸಿದವರ ಮುಖವನ್ನು ಯಂತ್ರ ಕೂಡಿಸಿತ್ತು. ಇನ್ನು ಈ ಇಂಡಿಯಾನಾ ಜೋನ್ಸ್ ಚಿತ್ರ ತೆರೆಕಂಡ ಎರಡು ವಾರಕ್ಕೆ, 2023ರ ಜುಲೈ 14ರಂದು, ಅಮೆರಿಕದ ಚಲನಚಿತ್ರ ಮತ್ತು ದೂರದರ್ಶನ ನಟರ ಸಂಘ ಮುಷ್ಕರ ಹೂಡಿತು. ಅದು ನಿಂತಿದ್ದು ನವೆಂಬರ್ 9ರಂದು. ಕೂಲಿಯ ಪ್ರಶ್ನೆಯ ಜೊತೆಗೆ, ತಮ್ಮ ಮುಖ ಮತ್ತು ದನಿಯ ನಕಲನ್ನು ತಮ್ಮ ಒಪ್ಪಿಗೆಯಿಲ್ಲದೆ ಬಳಸಬಾರದೆಂಬುದು ಅವರ ಮುಖ್ಯ ಬೇಡಿಕೆಗಳಲ್ಲೊಂದಾಗಿತ್ತು. ಫೋರ್ಡ್ ತಮ್ಮ ಚಿತ್ರಕ್ಕೆ ಮನಸಾರೆ ಒಪ್ಪಿದ್ದರು, ನಿಜ. ಆದರೆ ಮುಖವೆಂಬುದು ಮನುಷ್ಯನಿಂದ ಬಿಡಿಸಿ ಕಪಾಟಿನಲ್ಲಿಡಬಹುದಾದ ಸರಕೆಂದು ಒಮ್ಮೆ ಒಪ್ಪಿಕೊಂಡರೆ, ಆ ಸರಕಿನ ಹಿಂದಿರುವ ಮನುಷ್ಯ ಯಾರಿಗೆ ಬೇಕು? ಇದು ಬರೀ ಸಿನಿಮಾದ ಪ್ರಶ್ನೆಯಲ್ಲ.

ಎದುರು ದಿಕ್ಕಿನ ವಾದವೂ ಒಂದಿದೆ. "ಎಂಬತ್ತರ ಮುದುಕನಿಗೇಕೆ ನಾಯಕನ ಪಾತ್ರ? ಮನೆಯಲ್ಲಿ ಕೂರಬಾರದೇ?" ಎಂದು ಹಂಗಿಸಿದವರು ಕಡಿಮೆಯೇನಲ್ಲ. ಜಗತ್ತಿನಾದ್ಯಂತ ಚಿತ್ರ ಗಳಿಸಿದ್ದು ಸುಮಾರು ಮೂವತ್ತೆಂಟು ಕೋಟಿ ಡಾಲರ್. ಅದರಲ್ಲಿ ಚಿತ್ರಮಂದಿರಗಳ ಪಾಲು ಕಳೆದರೆ ಹಾಕಿದ ಬಂಡವಾಳವೂ ಮರಳಲಿಲ್ಲವೆಂದೇ ಲೆಕ್ಕ. ಸೋಲಿಗೆ ಕಾರಣ ನಾಯಕನ ವಯಸ್ಸೇ ಎಂದು ಅವರು ತೀರ್ಪು ಕೊಟ್ಟರು. ನಾನು ಅವರ ಪಕ್ಷದವನಲ್ಲ. ಮುದುಕನನ್ನು ಯುವಕನನ್ನಾಗಿಸುವವರೂ ಮುದುಕನನ್ನು ಮೂಲೆಗೆ ತಳ್ಳುವವರೂ ಒಂದೇ ಮಾತನ್ನು ಎರಡು ಬಾಯಿಯಲ್ಲಿ ಆಡುತ್ತಾರೆ: ನೀನಿರುವಂತೆ ನಿನ್ನನ್ನು ನೋಡಲು ನಮಗೆ ಇಷ್ಟವಿಲ್ಲ.

ನೋಡಲು ಇಷ್ಟವಿಲ್ಲದ ಮುಪ್ಪನ್ನು ಜಗತ್ತಿನ ಎದುರು ಬಚ್ಚಿಡದೆ ತೋರಿಸಿದ ಒಬ್ಬರನ್ನು ನಾವು ಕಂಡಿದ್ದೇವೆ. 2005ರ ಮಾರ್ಚ್ 27ರ ಪುನರುತ್ಥಾನದ ಹಬ್ಬದಂದು ಎರಡನೆಯ ಜಾನ್ ಪಾಲ್ ಜಗದ್ಗುರುಗಳು ಕಿಟಕಿಯ ಬಳಿ ಬಂದರು. ಮಾತಾಡಲು ಯತ್ನಿಸಿದರು, ದನಿ ಹೊರಡಲಿಲ್ಲ. ಮೌನವಾಗಿ ಕೈಯೆತ್ತಿ ಶಿಲುಬೆಯ ಗುರುತಿನಿಂದ ಆಶೀರ್ವದಿಸಿದರು. ಆರು ದಿನಗಳ ನಂತರ, ಏಪ್ರಿಲ್ 2ರಂದು, ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡರು. ಒಂದು ಕಾಲಕ್ಕೆ ಬೆಟ್ಟ ಹತ್ತಿ, ಹಿಮದ ಮೇಲೆ ಜಾರಿ ಆಡಿದ ಮೈ ಅದು. ಅವರ ಯೌವನದ ಚಿತ್ರಗಳನ್ನಷ್ಟೇ ತೋರಿಸಿ, ನಡುಗುವ ಕೈಯನ್ನು ಮರೆಮಾಡಬಹುದಿತ್ತು. ಮರೆಮಾಡಲಿಲ್ಲ. ಅಂದು ಚೌಕದಲ್ಲಿ ನೆರೆದವರು ಕಣ್ಣೀರು ಹಾಕಿದ್ದು ಆ ಕೈಯನ್ನು ಕಂಡು.

ಇಂಡಿಯಾನಾ ಜೋನ್ಸನ ಕಥೆಯ ಕೊನೆಗೆ ಬರೋಣ. ಯಂತ್ರ ಅವನನ್ನು ರೋಮನ್ನರು ಮುತ್ತಿಗೆ ಹಾಕಿದ್ದ ಸಿರಕ್ಯೂಸ್ ನಗರಕ್ಕೆ, ಆರ್ಕಿಮಿಡೀಸನ ಕಾಲಕ್ಕೆ ಒಯ್ಯುತ್ತದೆ. ಗುಂಡೇಟು ತಿಂದ ಜೋನ್ಸ್ ಅಲ್ಲಿಯೇ ಉಳಿದು ಸಾಯಲು ಬಯಸುತ್ತಾನೆ. ಬದುಕೆಲ್ಲ ಓದಿದ ಚರಿತ್ರೆ ಕಣ್ಣೆದುರಿಗಿದೆ. ಮರಳಿ ಹೋದರೆ ಅವನಿಗಾಗಿ ಯಾರಿದ್ದಾರೆ? ಹಿರಿಯರು ಹಳೆಯ ಕಾಲದಲ್ಲೇ ಬದುಕುತ್ತಾರೆಂದು ನಾವು ಗೊಣಗುತ್ತೇವಲ್ಲ, ಅದಕ್ಕೆ ಕಾರಣ ಇಲ್ಲಿದೆ. ಇಂದಿನ ಮನೆಯಲ್ಲಿ ಅವರಿಗೆ ಜಾಗವಿಲ್ಲದಾಗ ನಿನ್ನೆಯ ಮನೆಗೆ ಹೋಗಿ ಕೂರುತ್ತಾರೆ.

ಹೆಲೆನಾ ಅವನನ್ನು ಬಲವಂತವಾಗಿ ಮರಳಿ ತರುತ್ತಾಳೆ. ಅವನು ಕಣ್ಣು ತೆರೆದಾಗ ತನ್ನ ಹಳೆಯ ಮನೆಯಲ್ಲಿದ್ದಾನೆ. ಬಾಗಿಲು ತೆರೆದು ದಿನಸಿಯ ಚೀಲ ಹಿಡಿದು ಮೇರಿಯನ್ ಒಳಗೆ ಬರುತ್ತಾಳೆ. ಮೊದಲ ಚಿತ್ರದಲ್ಲಿ ಗಾಯಗೊಂಡ ಅವನು, ಎಲ್ಲಿ ನೋವಿಲ್ಲವೆಂದು ಒಂದೊಂದೇ ಜಾಗ ತೋರಿಸಿದ್ದನು, ಅವಳು ಅಲ್ಲಿ ಮುತ್ತಿಟ್ಟಿದ್ದಳು. ಈಗ ನೋವು ಅವಳದು. ಅವಳು ತೋರಿಸುತ್ತಾಳೆ, ಅವನು ಮುತ್ತಿಡುತ್ತಾನೆ. ಇಬ್ಬರು ಮುದುಕರು, ಸತ್ತ ಮಗನ ನೆನಪು, ಒಂದು ಚೀಲ ದಿನಸಿ. ಐದು ಚಿತ್ರಗಳ ಎಲ್ಲ ನಿಧಿಗಳಿಗಿಂತ ಬೆಲೆಯುಳ್ಳ ದೃಶ್ಯವಿದು. ಬಡಗಿಯ ಬಟ್ಟಲು ಇಲ್ಲಿತ್ತು! ಅದಕ್ಕೆ ಕಂಪ್ಯೂಟರ್ ಬೇಕಾಗಲಿಲ್ಲ.

ಹೊರಗೆ ಬಟ್ಟೆ ಒಣಗಿಸುವ ಹಗ್ಗಕ್ಕೆ ಅವನ ಹಳೆಯ ಟೊಪ್ಪಿಗೆ ನೇತಾಡುತ್ತಿರುತ್ತದೆ. ಚಿತ್ರ ಅಲ್ಲಿಗೆ ಮುಗಿಯಬಹುದಿತ್ತು. ಅಷ್ಟರಲ್ಲಿ ಒಂದು ಕೈ ಚಾಚಿ ಟೊಪ್ಪಿಗೆಯನ್ನು ಕಸಿದುಕೊಳ್ಳುತ್ತದೆ. ಅನೇಕರು ಅದಕ್ಕೆ ಚಪ್ಪಾಳೆ ತಟ್ಟಿದರು. ನನಗೆ ಮಾತ್ರ ಅದು, ಬಿಟ್ಟುಬಿಡು ಎಂದ ತಂದೆಯ ಮಾತನ್ನು ಕಡೆಗೂ ಕೇಳಿಸಿಕೊಳ್ಳದ ಕೈಯಂತೆ ಕಂಡಿತು.

ಪ್ರಿಯ ಓದುಗರೇ, ಆ ಸಿನಿಮಾವನ್ನು ತಿದ್ದುವುದು ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿರುವುದು ನಡುಮನೆಯ ಆ ಕುರ್ಚಿ. ಮುಂದಿನ ಬಾರಿ ಅತಿಥಿಗಳು ಬಂದಾಗ ಭಾವಚಿತ್ರವನ್ನು ತೋರಿಸುವ ಮೊದಲು ಅದರ ಕೆಳಗೆ ಕುಳಿತವರನ್ನು ಪರಿಚಯಿಸಿ. ಅವರು ಯುವಕರಾಗಿದ್ದಾಗ ಏನು ಮಾಡಿದರೆಂದು ನೀವೇ ಹೇಳಿಬಿಡಬೇಡಿ; ಈಗ ಎಲ್ಲಿ ನೋಯುತ್ತಿದೆ ಎಂದು ಅವರನ್ನು ಕೇಳಿ. ಕೇಳಿದ ಮೇಲೆ ಉತ್ತರ ಮುಗಿಯುವವರೆಗೂ ಕುಳಿತಿರಿ. ಅದು ತುಸು ದೀರ್ಘವಾದೀತು.